ನಕ್ಸೋಸ್‌ನಲ್ಲಿ ಯಾವ ಊರಲ್ಲಿ ಉಳಿಯೋದು?

ಗ್ರೀಸಿನ ದ್ವೀಪ ಅಂದಕೂಡಲೇ ನಮ್ಮವರಿಗೆ ಸ್ಯಾಂಟೊರಿನಿಯ ಬಿಳಿ ಗೋಡೆ, ನೀಲಿ ಗುಮ್ಮಟ ನೆನಪಾಗುತ್ತವೆ. ನಾವು ಹೋಗಿದ್ದು ನಕ್ಸೋಸ್‌ಗೆ. ಸೈಕ್ಲಡೀಸ್ ದ್ವೀಪಗಳ ಗುಂಪಿನಲ್ಲಿ ಇದೇ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ಸ್ಯಾಂಟೊರಿನಿ ಇದರ ಐದನೇ ಒಂದು ಪಾಲೂ ಇಲ್ಲ. ಪಶ್ಚಿಮಕ್ಕೆ ಉದ್ದದ ಮರಳ ತೀರ, ನಡುವೆ ಆಲಿವ್ ತೋಪಿನ ಕಣಿವೆ, ಅದರ ತಲೆ ಮೇಲೆ 1,004 ಮೀಟರ್ ಎತ್ತರದ ಝಾಸ್ ಬೆಟ್ಟ, ಬೆಟ್ಟದ ಆಚೀಚೆ ಕಲ್ಲಿನ ಹಳ್ಳಿಗಳು. ಹೀಗಿರುವಾಗ ನಕ್ಸೋಸ್‌ನಲ್ಲಿ ರೂಮು ಬುಕ್ ಮಾಡೋಣ ಅಂದರೆ ಮಾತು ಅಲ್ಲಿಗೆ ಮುಗಿಯೋದಿಲ್ಲ. ಯಾವ ಊರಲ್ಲಿ?

ನಾವಿರುವುದು ಮ್ಯೂನಿಕ್‌ನಲ್ಲಿ. ಅಮ್ಮ ಹಾಸನದಿಂದ ಬಂದಿದ್ದರು. ಅವರಿಗೆ ಮಂಡಿನೋವು. ಮಾಂಸ, ಮೊಟ್ಟೆ ಎರಡೂ ಮುಟ್ಟುವುದಿಲ್ಲ. ನನ್ನ ಗಂಡನಿಗೆ ದಿನಾ ಸಮುದ್ರಕ್ಕೆ ಇಳಿಯಬೇಕು, ಆದರೆ ರಜೆಯಲ್ಲಿ ಕಾರು ಓಡಿಸುವುದು ಮಾತ್ರ ಬೇಡ. ನನಗೆ ಬೆಟ್ಟದ ಹಳ್ಳಿಗಳ ಆಸೆ. ಮ್ಯಾಪ್ ಹರಡಿಕೊಂಡು ಮೂರೂ ಜನ ಕೂತೆವು. ಸಮುದ್ರದ ಪಕ್ಕದ ಮುಖ್ಯ ಊರು ಹೋರಾದಲ್ಲಿ ಮೊದಲ ಎರಡು ರಾತ್ರಿ, ಆಮೇಲೆ ಕಣಿವೆಯ ಹಾಲ್ಕಿ ಅನ್ನುವ ಹಳ್ಳಿ, ಕೊನೆಗೆ ಮತ್ತೆ ಹೋರಾ ಅಂತ ತೀರ್ಮಾನವಾಯಿತು. ಸೆಪ್ಟೆಂಬರ್ ಮಧ್ಯದಲ್ಲಿ ಹೊರಟೆವು. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬಿಡದೆ ಬೀಸುತ್ತದೆ. ಸೆಪ್ಟೆಂಬರ್‌ನಲ್ಲಿ ಅದರ ಜೋರು ಇಳಿದಿರುತ್ತದೆ, ಸಮುದ್ರದ ನೀರು ಮಾತ್ರ ಇನ್ನೂ ಬೆಚ್ಚಗೇ ಇರುತ್ತದೆ.

ಶನಿವಾರ: ಹೋರಾ

ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಬೆಳಗಿನ ಹಡಗು. ನಕ್ಸೋಸ್ ಮುಟ್ಟಲು ಐದು ಗಂಟೆಗೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಇನ್ನೂ ವೇಗದ ಹಡಗುಗಳಿವೆ, ಆದರೆ ಅವು ಅಲೆಯಲ್ಲಿ ಹೆಚ್ಚು ಕುಲುಕುತ್ತವೆ. ವಯಸ್ಸಾದವರು ಜೊತೆಗಿದ್ದರೆ ದೊಡ್ಡ, ನಿಧಾನದ ಹಡಗೇ ವಾಸಿ. ಕೆಳಗೆ ಕಾರು, ಲಾರಿ ನಿಲ್ಲುವ ಕಡೆ ಒಂದೊಂದು ದ್ವೀಪದ ಹೆಸರು ಬರೆದ ಕಪಾಟುಗಳಿರುತ್ತವೆ. ನಮ್ಮ ದ್ವೀಪದ ಹೆಸರಿರುವ ಕಡೆ ಸೂಟ್‌ಕೇಸ್ ಇಟ್ಟು ಮೇಲೆ ಹೋಗಿ ಕೂರುವುದು. ಪಾರೋಸ್ ದ್ವೀಪ ದಾಟಿದರೆ ಮುಂದಿನದು ನಕ್ಸೋಸ್.

ಹಡಗು ಬಂದರಿಗೆ ತಿರುಗುವಾಗ ಮೊದಲು ಕಾಣುವುದು ಪೋರ್ಟಾರಾ. ಪುಟ್ಟ ನಡುಗಡ್ಡೆಯ ಮೇಲೆ ಒಂಟಿಯಾಗಿ ನಿಂತ ಅಮೃತಶಿಲೆಯ ಬಾಗಿಲ ಚೌಕಟ್ಟು, ಎತ್ತರ ಸುಮಾರು 6 ಮೀಟರ್. ಕ್ರಿಸ್ತಪೂರ್ವ 530ರ ಹೊತ್ತಿಗೆ ಲಿಗ್ಡಾಮಿಸ್ ಅನ್ನುವ ದೊರೆ ಇಲ್ಲಿ ದೊಡ್ಡ ದೇವಸ್ಥಾನ ಶುರುಮಾಡಿಸಿದ. ಅವನ ಆಳ್ವಿಕೆ ಹೋಯಿತು, ಕೆಲಸವೂ ನಿಂತಿತು. ಮುಂದೆ ವೆನಿಸಿನವರು ಬಂದಾಗ ಇಲ್ಲಿನ ಕಲ್ಲುಗಳನ್ನು ಕಿತ್ತು ಮೇಲಿನ ಕೋಟೆಗೆ ಬಳಸಿದರು. ಬಾಗಿಲ ಕಲ್ಲುಗಳು ತುಂಬಾ ಭಾರ, ಅದಕ್ಕೇ ಉಳಿದವು.

ಹೋರಾದಲ್ಲಿ ಉಳಿಯುವವರಿಗೆ ಒಂದು ವಿಷಯ ಮೊದಲೇ ಗೊತ್ತಿರಬೇಕು. ಇದು ಒಂದೇ ಊರಾದರೂ ಒಳಗೆ ಎರಡು ಬೇರೆ ಬೇರೆ ಜಾಗ ಇದ್ದ ಹಾಗೆ. ಕಾಸ್ಟ್ರೋ ಅನ್ನುವ ಹಳೆಯ ಕೋಟೆ ಗುಡ್ಡದ ಮೇಲಿದೆ. 1207ರಲ್ಲಿ ಮಾರ್ಕೊ ಸನೂಡೊ ಅನ್ನುವ ವೆನಿಸಿನವನು ದ್ವೀಪ ಗೆದ್ದು ಕಟ್ಟಿಸಿದ್ದು. ಅದರ ಸುತ್ತ ಕಮಾನಿನ ಕೆಳಗೆ ನುಸುಳುವ ಓಣಿಗಳು, ಎಲ್ಲಿ ನೋಡಿದರೂ ಮೆಟ್ಟಿಲು. ಫೋಟೋದಲ್ಲಿ ನೋಡಿ ಮನಸೋತು ಅಲ್ಲಿ ರೂಮು ಹಿಡಿದರೆ ಸೂಟ್‌ಕೇಸ್ ಹೊತ್ತುಕೊಂಡೇ ಹತ್ತಬೇಕು, ಕಾರು ಬರುವುದಿಲ್ಲ. ದಕ್ಷಿಣಕ್ಕೆ ಆಗಿಯೋಸ್ ಯೋರ್ಗಿಯೋಸ್ ಅನ್ನುವ ಬೀಚಿದೆ. ಅದರ ಹಿಂದಿನ ಬೀದಿಗಳು ಸಮತಟ್ಟು. ಬಂದರಿನಿಂದ ಕಾಲು ಗಂಟೆ ನಡಿಗೆ. ಅಮ್ಮನ ಮಂಡಿ ನೆನೆದು ನಾವು ಇಲ್ಲಿ ನೆಲಮಹಡಿಯ ರೂಮು ಹಿಡಿದಿದ್ದೆವು. ರೂಮಿನ ಬಾಡಿಗೆಯ ಜೊತೆ ರಾತ್ರಿಗೆ ಇಷ್ಟು ಅಂತ ಹವಾಮಾನ ವೈಪರೀತ್ಯದ ಹೆಸರಿನಲ್ಲಿ ಸರ್ಕಾರ ಹಾಕುವ ತೆರಿಗೆ ಬೇರೆ ಇದೆ. ಬುಕ್ ಮಾಡುವಾಗ ಅದು ಸೇರಿರುವುದಿಲ್ಲ, ಅಲ್ಲೇ ಕೊಡಬೇಕು.

ಸಂಜೆ ಪೋರ್ಟಾರಾ ಹತ್ತಿರ ಹೋದೆವು. ನಡುಗಡ್ಡೆಗೆ ಕಲ್ಲಿನ ಹಾದಿ ಇದೆ, ಎರಡೂ ಕಡೆ ನೀರು. ಸೂರ್ಯ ಮುಳುಗುವ ಹೊತ್ತಿಗೆ ನೂರಾರು ಜನ. ಅಮ್ಮ ಹಾದಿಯ ಈಚೆಯ ಕಟ್ಟೆ ಮೇಲೆ ಕೂತರು. ಅಲ್ಲಿಂದ ನೋಡಿದರೇ ಚೆನ್ನ, ಚೌಕಟ್ಟು ಪೂರ್ತಿ ಕಾಣುತ್ತದೆ.

ಭಾನುವಾರ: ಬೀಚಿನ ಊರುಗಳು

ಬಸ್ ನಿಲ್ದಾಣ ಬಂದರಿನ ಎದುರಿಗೇ ಇದೆ. ಟಿಕೆಟ್ ಮೊದಲೇ ಅಲ್ಲಿ ತೆಗೆದುಕೊಂಡು ಹತ್ತುವುದು ಒಳ್ಳೆಯದು. ಆಫೀಸಿನ ಗೋಡೆಗೆ ಅಂಟಿಸಿರುವ ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಸೀಸನ್ನಿಗೆ ತಕ್ಕಂತೆ ಅದು ಬದಲಾಗುತ್ತಲೇ ಇರುತ್ತದೆ. ಬೀಚುಗಳ ಕಡೆಗೆ ಬಸ್ಸು ಜಾಸ್ತಿ, ಬೆಟ್ಟದ ಕಡೆಗೆ ಕಡಿಮೆ. ಭಾನುವಾರ ಬೆಟ್ಟದ ಬಸ್ಸು ಇನ್ನೂ ಕಡಿಮೆ, ಅದಕ್ಕೇ ನಾವು ಭಾನುವಾರವನ್ನು ಸಮುದ್ರಕ್ಕೆ ಇಟ್ಟಿದ್ದೆವು.

ದಾರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಲಿವಾಡಿ ಬಯಲು. ಹೊಲಗಳನ್ನು ನೋಡಿ ಅಮ್ಮ ಕಿಟಕಿಗೆ ಅಂಟಿಕೊಂಡರು. "ಇದು ಆಲೂಗಡ್ಡೆ ಮಣ್ಣು ಕಣೇ" ಅಂದರು. ನಿಜವೇ. ನಕ್ಸೋಸ್ ಆಲೂಗಡ್ಡೆಗೆ ಗ್ರೀಸಿನಲ್ಲಿ ದೊಡ್ಡ ಹೆಸರು. ಯುರೋಪಿನ ಭೌಗೋಳಿಕ ಗುರುತೂ ಅದಕ್ಕೆ ಸಿಕ್ಕಿದೆ. ದೇಶದ ಬೇರೆ ಕಡೆಗೆ ಬಿತ್ತನೆ ಗೆಡ್ಡೆಯೂ ಇಲ್ಲಿಂದ ಹೋಗುತ್ತಿತ್ತು. ಹಾಸನದಲ್ಲಿ ಬಿತ್ತನೆ ಆಲೂಗಡ್ಡೆಗೆ ಪಂಜಾಬಿನ ಜಲಂಧರದ ಲಾರಿ ಕಾಯುವವರ ಮನೆಯಲ್ಲಿ ಹುಟ್ಟಿದವರು ನಮ್ಮಮ್ಮ. ಆ ಬಯಲು ಅವರಿಗೆ ಬೀಚಿಗಿಂತ ಹೆಚ್ಚು ಇಷ್ಟವಾಯಿತು.

ಆಗಿಯೋಸ್ ಪ್ರೊಕೋಪಿಯೋಸ್, ಆಗಿಯಾ ಆನ್ನಾ, ಪ್ಲಾಕಾ. ಮೂರೂ ಒಂದಕ್ಕೊಂದು ಅಂಟಿಕೊಂಡಂತಿವೆ. ಮೊದಲನೆಯದು ಹೋರಾದಿಂದ ಸುಮಾರು 5 ಕಿಲೋಮೀಟರ್. ಪ್ರೊಕೋಪಿಯೋಸ್‌ನ ಮರಳು ದಪ್ಪ, ನೀರು ತಿಳಿ, ಗಾಳಿಯೂ ಕಡಿಮೆ. ಅಂಗಡಿ, ಹೋಟೆಲ್ ಒತ್ತೊತ್ತಾಗಿವೆ. ಆಗಿಯಾ ಆನ್ನಾದಲ್ಲಿ ಮೀನುಗಾರರ ಪುಟ್ಟ ದೋಣಿಕಟ್ಟೆ ಉಳಿದಿದೆ. ಮೂರರಲ್ಲಿ ಊರು ಅನ್ನಿಸುವುದು ಇದೊಂದೇ. ಪ್ಲಾಕಾ ಸುಮಾರು 4 ಕಿಲೋಮೀಟರ್ ಉದ್ದದ ಮರಳು. ಹೋದಷ್ಟೂ ಜನ ಕಡಿಮೆಯಾಗುತ್ತಾರೆ. ನನ್ನ ಗಂಡ ನೀರಿಗಿಳಿದವನು ಊಟದ ಹೊತ್ತಿನವರೆಗೆ ಮೇಲೆ ಬರಲಿಲ್ಲ.

ಮಧ್ಯಾಹ್ನ ಆಗಿಯಾ ಆನ್ನಾದ ಒಂದು ತವೆರ್ನಾದಲ್ಲಿ, ಅಂದರೆ ಊಟದ ಹೋಟೆಲ್ಲಿನಲ್ಲಿ, ಕೂತಾಗ ಅವನು ಹೇಳಿದ, "ಇಲ್ಲೇ ರೂಮು ಮಾಡಬಹುದಿತ್ತು ಅಲ್ವಾ? ದಿನಾ ಎದ್ದ ಕೂಡಲೇ ನೀರು." ನಾನು ಸಂಜೆವರೆಗೆ ಕಾದು ನೋಡೋಣ ಅಂದೆ. ಬಿಸಿಲಿಳಿದ ಮೇಲೆ ಬೀಚಿನವರೆಲ್ಲ ರೂಮಿಗೆ ಹೋದರು. ಆಮೇಲೆ ರಸ್ತೆಯಲ್ಲಿ ಉಳಿದಿದ್ದು ನಮ್ಮ ಹಾಗೆ ಬಂದವರು ಮಾತ್ರ. ಮೆನು ಹಿಡಿದು ಕರೆಯುವ ಹುಡುಗರು, ಬಾಡಿಗೆ ಬೈಕು, ಮರಳಿನ ಚಪ್ಪಲಿ ಸದ್ದು. ಕೆಟ್ಟದ್ದೇನಲ್ಲ. ಆದರೆ ಇಲ್ಲಿನ ಮನೆಗಳಲ್ಲಿ ಯಾರಿದ್ದಾರೆ, ಅವರು ಸಂಜೆ ಎಲ್ಲಿ ಕೂರುತ್ತಾರೆ ಅಂತ ತಿಳಿಯಲಿಲ್ಲ.

ಅಲ್ಲಿಂದ ಮುಂದಕ್ಕೆ ನಾನು ಪ್ರತಿ ಊರನ್ನೂ ನೋಡಿದ್ದು ಈ ಕಣ್ಣಿನಿಂದಲೇ. ಹಗಲು ಎಲ್ಲಿದ್ದರೂ ಬಸ್ಸು ಹಿಡಿದು ಬೇರೆ ಕಡೆ ಹೋಗಿಬರಬಹುದು. ಬೀಚು ಹಗಲಿನ ವಿಷಯ. ಆದರೆ ಕೊನೆ ಬಸ್ಸು ಹೋದ ಮೇಲೆ ನಮಗೆ ಸಿಗುವುದು ಮಲಗುವ ಊರೊಂದೇ. ಹಾಗಾಗಿ ಊರು ಆರಿಸುವಾಗ ಬೀಚಿಗೆ ಎಷ್ಟು ದೂರ ಅಂತ ಕೇಳುವುದಕ್ಕಿಂತ ಸಂಜೆ ಏಳರಿಂದ ಹನ್ನೊಂದರವರೆಗೆ ಅಲ್ಲಿ ಏನು ನಡೆಯುತ್ತದೆ ಅಂತ ಕೇಳಬೇಕು. ಬೇಸಿಗೆಯಲ್ಲಿ ಗ್ರೀಕರು ನಿಜವಾಗಿ ಮನೆಯಿಂದ ಹೊರಬರುವುದೇ ಆ ಹೊತ್ತಿಗೆ. ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಬಾಗಿಲು ಮುಚ್ಚಿ ಮಲಗುತ್ತಾರೆ, ರಾತ್ರಿ ಒಂಬತ್ತರ ಮೇಲೆ ಊಟಕ್ಕೆ ಕೂರುತ್ತಾರೆ.

ಚಿಕ್ಕ ಮಕ್ಕಳಿದ್ದರೆ ಲೆಕ್ಕ ಬೇರೆ. ಮಧ್ಯಾಹ್ನ ರೂಮಿಗೆ ಬಂದು ಮಲಗಿಸಿ ಮತ್ತೆ ನೀರಿಗೆ ಕರೆದೊಯ್ಯಬೇಕಲ್ಲ, ಅಂಥವರಿಗೆ ಆಗಿಯಾ ಆನ್ನಾ ಅಥವಾ ಹೋರಾದ ಆಗಿಯೋಸ್ ಯೋರ್ಗಿಯೋಸ್ ಬಿಟ್ಟು ಬೇರೆ ಕಡೆ ಹೋಗಿ ಅಂತ ನಾನು ಹೇಳುವುದಿಲ್ಲ. ಆಗಿಯೋಸ್ ಯೋರ್ಗಿಯೋಸ್‌ನಲ್ಲಿ ತುಂಬಾ ದೂರದವರೆಗೆ ನೀರು ಆಳವಿಲ್ಲ.

ಸೋಮವಾರ: ಹಾಲ್ಕಿ

ಸೂಟ್‌ಕೇಸುಗಳನ್ನು ಬಸ್ಸಿನ ಹೊಟ್ಟೆಗೆ ತುಂಬಿ ಬೆಟ್ಟದ ಕಡೆ ಹೊರಟೆವು. ಹಾಲ್ಕಿ ಹೋರಾದಿಂದ ಸುಮಾರು 16 ಕಿಲೋಮೀಟರ್, ಅರ್ಧ ಗಂಟೆಯ ದಾರಿ. ಒಂದು ತಿರುವು ದಾಟಿದ್ದೇ ಟ್ರಾಗೇಯಾ ಕಣಿವೆ ತೆರೆದುಕೊಳ್ಳುತ್ತದೆ. ಕಣ್ಣು ಹೋದಷ್ಟು ದೂರ ಆಲಿವ್ ಮರ, ಅವುಗಳ ನಡುವೆ ಪುಟ್ಟ ಪುಟ್ಟ ಬೈಜಾಂಟೈನ್ ಚರ್ಚುಗಳು. ಸಮುದ್ರದ ಸುಳಿವೇ ಇಲ್ಲ.

ಹಾಲ್ಕಿ ಒಂದು ಕಾಲಕ್ಕೆ ದ್ವೀಪದ ವ್ಯಾಪಾರದ ಊರು. ಅದರ ಗುರುತಾಗಿ ಹೆಂಚಿನ ಮಾಡಿನ ದೊಡ್ಡ ಮನೆಗಳಿವೆ. ಊರು ತುಂಬಾ ಚಿಕ್ಕದು. ಹತ್ತು ನಿಮಿಷದಲ್ಲಿ ಸುತ್ತಿಬಿಡಬಹುದು. ಹೆಚ್ಚು ಕಡಿಮೆ ಎಲ್ಲ ಕಡೆ ಸಮತಟ್ಟು, ಅಮ್ಮನಿಗೆ ಅದೇ ದೊಡ್ಡ ಸಮಾಧಾನ. ನಾವಿದ್ದ ಮನೆಯ ಯಜಮಾನಿ ಅಮ್ಮನ ವಯಸ್ಸಿನವರೇ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಬಂದ ಅರ್ಧ ಗಂಟೆಯಲ್ಲಿ ಅಮ್ಮ ಅಂಗಳದ ತುಳಸಿ ಜಾತಿಯ ಗಿಡ ಮೂಸಿ, ಅವರು ಅಮ್ಮನ ಸೀರೆ ಸೆರಗು ಮುಟ್ಟಿ ನೋಡಿ, ಇಬ್ಬರೂ ಅಡಿಗೆಮನೆಗೆ ಹೋಗಿಯಾಗಿತ್ತು.

ಇಲ್ಲಿ 1896ರಿಂದ ನಡೆಯುತ್ತಿರುವ ವಾಲಿಂಡ್ರಾಸ್ ಭಟ್ಟಿ ಇದೆ. ಕೀಟ್ರೋನ್ ಅನ್ನುವ ಮದ್ಯ ಮಾಡುತ್ತಾರೆ. ನಿಂಬೆ ಜಾತಿಯ ಒಂದು ಗಿಡದಿಂದ, ಅದೂ ಹಣ್ಣಿನಿಂದ ಅಲ್ಲ, ಎಲೆಯಿಂದ. ಒಳಗೆ ಹಳೆಯ ತಾಮ್ರದ ಹಂಡೆಗಳಿವೆ. ಹಸಿರು, ಬಿಳಿ, ಹಳದಿ ಅಂತ ಮೂರು ಬಗೆ. ಹಸಿರಿನಲ್ಲಿ ಸಿಹಿ ಜಾಸ್ತಿ, ಮದ್ಯ 30 ಶೇಕಡ. ಹಳದಿಯಲ್ಲಿ ಸಿಹಿ ಕಡಿಮೆ, ಮದ್ಯ 36 ಶೇಕಡ. ಅಮ್ಮನಿಗೆ ಮದ್ಯ ಬೇಕಿರಲಿಲ್ಲ, ಗಿಡ ಬೇಕಿತ್ತು. ಯಜಮಾನಿಯ ಹಿತ್ತಲಲ್ಲಿ ಒಂದು ಇತ್ತು. ಎಲೆ ಹರಿದು ಮೂಸಿದವರೇ, "ಮಾದಲ ಕಣೇ! ನಮ್ಮಜ್ಜಿ ಇದರ ಸಿಪ್ಪೆ ಉಪ್ಪಿಗೆ ಹಾಕೋರು" ಅಂದರು. ಹೌದು, ಅದು ನಮ್ಮ ಮಾದಲವೇ. ಇಲ್ಲಿ ಅದರ ದಪ್ಪ ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಜಾಡಿಯಲ್ಲಿಟ್ಟು, ಮನೆಗೆ ಬಂದವರಿಗೆ ಚಮಚದಲ್ಲಿ ಹಾಕಿ, ಒಂದು ಲೋಟ ತಣ್ಣೀರಿನ ಜೊತೆ ಕೊಡುತ್ತಾರೆ. ಮೊಟ್ಟೆಯ ಭಯ ಇಲ್ಲದ ಸಿಹಿ. ನಾವಿರುವಷ್ಟು ದಿನವೂ ಅಮ್ಮನಿಗೆ ಅದೇ.

ಸಂಜೆ ಮುಖ್ಯ ಅಂದೆನಲ್ಲ, ಹಾಲ್ಕಿಯ ಸಂಜೆ ಹೀಗಿತ್ತು. ಹಗಲು ಹನ್ನೊಂದರಿಂದ ನಾಲ್ಕರವರೆಗೆ ಟೂರ್ ಬಸ್ಸುಗಳ ಜನ ಆ ಚಿಕ್ಕ ಚೌಕದಲ್ಲಿ ತುಂಬಿರುತ್ತಾರೆ. ಐದರ ಹೊತ್ತಿಗೆ ಎಲ್ಲ ಖಾಲಿ. ಅಂಗಡಿಗಳೂ ಒಂದೊಂದಾಗಿ ಮುಚ್ಚುತ್ತವೆ. ಎಂಟಕ್ಕೆ ಚೌಕದಲ್ಲಿ ಎರಡು ಮೂರು ಮೇಜು, ಅಷ್ಟೇ. ನಿಶ್ಶಬ್ದ ಬೇಕೆನ್ನುವವರಿಗೆ ಇದು ಬಹಳ ಒಳ್ಳೆಯ ಊರು. ಊಟಕ್ಕೆ ಜಾಗ ಆರಿಸುವಷ್ಟು ಇರುವುದಿಲ್ಲ, ಅದು ತಿಳಿದಿರಲಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಗ್ರೀಕ್ ಚರ್ಚಿನ ಉಪವಾಸದ ದಿನಗಳು ವರ್ಷದಲ್ಲಿ ಬಹಳ. ಹಾಗಾಗಿ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡಿಗೆ ಅವರಿಗೆ ಹೊಸದಲ್ಲ. ಟೊಮೇಟೊದ ಹೊಟ್ಟೆಗೆ ಅಕ್ಕಿ ತುಂಬಿ ಬೇಯಿಸಿದ ಗೆಮಿಸ್ತಾ, ದೊಡ್ಡ ಬಿಳಿ ಅವರೆಯಂಥ ಕಾಳಿನ ಯಿಗಾಂಡೆಸ್, ಬೇಯಿಸಿದ ಸೊಪ್ಪಿಗೆ ನಿಂಬೆರಸ ಹಿಂಡಿದ ಹೋರ್ಟಾ, ಬದನೆ ಆಲೂಗಡ್ಡೆ ಒಲೆಯಲ್ಲಿಟ್ಟ ಬ್ರಿಯಾಂ. ಗೆಮಿಸ್ತಾಗೆ ಕೆಲವರು ಕೊಚ್ಚಿದ ಮಾಂಸ ಸೇರಿಸುತ್ತಾರೆ, ಕೇಳಿಯೇ ತಿನ್ನಬೇಕು. ಬೇರೇನೂ ಬೇಡವೆಂದರೆ ಹುರಿದ ನಕ್ಸೋಸ್ ಆಲೂಗಡ್ಡೆ ಎಲ್ಲ ಕಡೆ ಸಿಗುತ್ತದೆ, ಪ್ಯಾಕೆಟ್ಟಿನದಲ್ಲ, ಆಗ ತಾನೇ ಹೆಚ್ಚಿ ಕರಿದದ್ದು.

ಮಂಗಳವಾರ: ಡ್ರೋಸಿಯಾನಿ, ಫಿಲೋಟಿ

ಬೆಳಗ್ಗೆ ಅಮ್ಮನನ್ನು ಯಜಮಾನಿಯ ಜೊತೆ ಬಿಟ್ಟು ನಾವಿಬ್ಬರೂ ನಡೆದೆವು. ಹಾಲ್ಕಿಯಿಂದ ಮೋನಿ ಹಳ್ಳಿಯ ಕಡೆಗೆ ಕಲ್ಲು ಹಾಸಿದ ಹಳೆಯ ಕಾಲುದಾರಿ ಇದೆ. ಆಲಿವ್ ತೋಪಿನ ನೆರಳು, ಕಲ್ಲಿನ ಅಡ್ಡಗೋಡೆ, ಕುರಿಗಂಟೆ. ತೋಪಿನ ನಡುವೆ 11ನೇ ಶತಮಾನದ ಒಂದು ಚರ್ಚು ಸಿಗುತ್ತದೆ. ಮುಂದೆ ಏರುದಾರಿ. ಮೋನಿಗೆ ಸ್ವಲ್ಪ ಮೊದಲೇ ಪನಾಗಿಯಾ ಡ್ರೋಸಿಯಾನಿ. 6ನೇ ಶತಮಾನದ ಚರ್ಚು, ಸೈಕ್ಲಡೀಸ್‌ನ ಅತಿ ಹಳೆಯವುಗಳಲ್ಲಿ ಒಂದು. ಕಚ್ಚಾ ಕಲ್ಲು ಪೇರಿಸಿದ ಗುಮ್ಮಟ, ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಲ್ಲಿ 7ನೇ ಶತಮಾನದ ಚಿತ್ರಗಳು ನಿಧಾನವಾಗಿ ಕಾಣುತ್ತವೆ. ಅವಸರದಲ್ಲಿ ಬಂದವರಿಗೆ ಏನೂ ಕಾಣದು.

ಸಂಜೆ ಮೂರೂ ಜನ ಫಿಲೋಟಿಗೆ ಹೋದೆವು. ಹಾಲ್ಕಿಯಿಂದ ಬಸ್ಸಿನಲ್ಲಿ ಐದು ನಿಮಿಷ. ಝಾಸ್ ಬೆಟ್ಟದ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹರಡಿದ ದೊಡ್ಡ ಹಳ್ಳಿ. ಆದರೆ ಊರಿನ ಜೀವ ಇರುವುದು ಕೆಳಗಿನ ರಸ್ತೆಯಲ್ಲಿ. ದೊಡ್ಡ ಮರದ ನೆರಳು, ರಸ್ತೆಯ ಎರಡೂ ಬದಿ ಕಾಫಿ ಅಂಗಡಿ, ಅಲ್ಲಿ ಊರಿನ ಗಂಡಸರು ಮಣಿಸರ ತಿರುಗಿಸುತ್ತಾ ಕೂತಿರುತ್ತಾರೆ. ಶಾಲೆ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಅಜ್ಜಿಯರು ಚರ್ಚಿನ ಕಟ್ಟೆಗೆ ಬರುತ್ತಾರೆ. ಔಷಧಿ ಅಂಗಡಿ, ಬೇಕರಿ, ದಿನಸಿ ಎಲ್ಲ ಇದೆ. ಪ್ರವಾಸಿಗರು ಇಲ್ಲದಿದ್ದರೂ ಇದು ಹೀಗೇ ನಡೆಯುವ ಊರು. ಆಗಸ್ಟ್ 15ಕ್ಕೆ ಮಾತೆ ಮರಿಯಳ ಹಬ್ಬ ಇಲ್ಲಿ ದೊಡ್ಡದಾಗಿ ಆಗುತ್ತದೆ. ಆ ದಿನಗಳಲ್ಲಿ ಬಂದರೆ ರೂಮು ಬಹಳ ಮೊದಲೇ ಹಿಡಿಯಬೇಕು.

"ಇಲ್ಲಿ ಇದ್ದಿದ್ರೆ ನಂಗೆ ದಿನಾ ಒಂದು ಸುತ್ತು ಹಾಕ್ಬೋದಿತ್ತು" ಅಂದರು ಅಮ್ಮ. "ಅತ್ತೆ, ಮೇಲಿನ ಮನೆ ಸಿಕ್ಕಿದ್ರೆ ಮೆಟ್ಟಿಲು ಹತ್ತಬೇಕಿತ್ತು" ಅಂದ ನನ್ನ ಗಂಡ. ಇಬ್ಬರ ಮಾತೂ ಸರಿ. ಫಿಲೋಟಿಯಲ್ಲಿ ರೂಮು ನೋಡುವವರು ರಸ್ತೆಯಿಂದ ಎಷ್ಟು ಮೆಟ್ಟಿಲು ಅಂತ ಮೊದಲು ಕೇಳಬೇಕು. ಝಾಸ್ ಹತ್ತುವವರಿಗಂತೂ ಇದೇ ಸರಿಯಾದ ಊರು. ಬೆಳಗ್ಗೆ ಬಿಸಿಲೇರುವ ಮೊದಲೇ ಹೊರಡಬಹುದು.

ಬುಧವಾರ: ಅಪೀರಾಂಥೋಸ್

ದೊಡ್ಡ ಸಾಮಾನು ಹಾಲ್ಕಿಯಲ್ಲೇ ಬಿಟ್ಟು ಒಂದು ರಾತ್ರಿಗೆ ಬೇಕಾದ ಬಟ್ಟೆ ಮಾತ್ರ ಹಿಡಿದು ಬಸ್ಸು ಹತ್ತಿದೆವು. ಫಿಲೋಟಿ ದಾಟಿದ ಮೇಲೆ ರಸ್ತೆ ಬೆಟ್ಟವನ್ನು ಸುತ್ತುತ್ತಾ ಏರುತ್ತದೆ. ಕಣಿವೆಯ ಹಸಿರು ಮುಗಿದು ಬೂದು ಕಲ್ಲು ಶುರುವಾಗುತ್ತದೆ. ಸುಮಾರು 600 ಮೀಟರ್ ಎತ್ತರದಲ್ಲಿ ಅಪೀರಾಂಥೋಸ್. ವಾಹನ ಊರ ಬಾಗಿಲಲ್ಲೇ ನಿಲ್ಲಬೇಕು. ಒಳಗೆಲ್ಲ ನಡಿಗೆ.

ಇಡೀ ಊರಿನ ಓಣಿಗೆ ಅಮೃತಶಿಲೆ ಹಾಸಿದ್ದಾರೆ. ನಾವು ದೇವಸ್ಥಾನದ ಗರ್ಭಗುಡಿಗೆ, ಶ್ರೀಮಂತರ ನಡುಮನೆಗೆ ಹಾಸುವ ಕಲ್ಲು ಇಲ್ಲಿ ಕತ್ತೆ ನಡೆದಾಡುತ್ತಿದ್ದ ಬೀದಿಗೆ. ಶತಮಾನಗಳ ಕಾಲ ತುಳಿದು ತುಳಿದು ನುಣುಪಾಗಿದೆ. ಹಿಡಿತ ಇರುವ ಶೂ ಬೇಕೇ ಬೇಕು, ಅದರಲ್ಲೂ ಮಳೆ ಬಂದಾಗ. ಅಮ್ಮ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ ಕೊಟ್ಟು ನಿಧಾನವಾಗಿ ಬಂದರು. "ಬ್ಯಾಡ ಅಂದ್ರೆ ವಾಪಸ್ ಹೋಗೋಣ ಅಮ್ಮ" ಅಂದೆ. "ಬಂದಾಯ್ತಲ್ಲ, ಸುಮ್ನೆ ನಡಿ" ಅಂದರು. ರೂಮು ಊರ ಬಾಗಿಲಿಗೆ ಹತ್ತಿರವೇ ಹಿಡಿದಿದ್ದೆವು. ನಡುವೆ ಕೂರಲು ಕಟ್ಟೆಗಳು ಬೇಕಾದಷ್ಟು ಇದ್ದವು.

ಇಲ್ಲಿನವರು ಕ್ರೀಟ್ ದ್ವೀಪದಿಂದ ಬಂದವರು ಅನ್ನುವ ನಂಬಿಕೆ ಇದೆ. ಮಾತಿನ ಧಾಟಿಯೇ ಬೇರೆಯಂತೆ, ಕೆಳಗಿನ ಊರಿನವರು ಹಾಗೆ ಹೇಳಿದರು. ಮದುವೆ, ಹಬ್ಬದಲ್ಲಿ ನಿಂತಲ್ಲೇ ಎರಡು ಸಾಲಿನ ಪದ್ಯ ಕಟ್ಟಿ ಒಬ್ಬರಿಗೊಬ್ಬರು ಜವಾಬು ಕೊಡುವ ಪದ್ಧತಿ ಇದೆ, ಅದಕ್ಕೆ ಕೊಟ್ಸಾಕಿಯಾ ಅನ್ನುತ್ತಾರೆ. ಒಂದು ಮನೆಯ ಬಾಗಿಲು ತೆರೆದಿತ್ತು. ಒಳಗೆ ಮರದ ಮಗ್ಗ, ಅದರ ಮುಂದೆ ಹೆಂಗಸೊಬ್ಬರು. ಅಮ್ಮ ಹೊಸಲಲ್ಲೇ ನಿಂತು ಲಾಳಿ ಓಡುವುದನ್ನು ಬಹಳ ಹೊತ್ತು ನೋಡಿದರು. ನೇಯ್ದ ಒಂದು ಮೇಜು ಬಟ್ಟೆ ಕೊಂಡೆವು.

ಈ ಊರಿನ ಬದುಕು ನಿಂತಿದ್ದು ಎಮರಿ ಕಲ್ಲಿನ ಮೇಲೆ. ನಮ್ಮ ಬಡಗಿಗಳು, ಪೇಂಟರುಗಳು ಉಜ್ಜಲು ಬಳಸುವ ಎಮರಿ ಪೇಪರ್ ಇದೆಯಲ್ಲ, ಅದಕ್ಕೆ ಹೆಸರು ಬಂದದ್ದೇ ಈ ಕಲ್ಲಿನಿಂದ. ಬಹಳ ಗಟ್ಟಿ, ಕಪ್ಪು, ಭಾರ. ರೋಮನ್ನರ ಕಾಲದಲ್ಲೇ ಅಮೃತಶಿಲೆ ನಯ ಮಾಡಲು ನಕ್ಸೋಸ್ ಕಲ್ಲು ಹೆಸರಾಗಿತ್ತು. ಅಪೀರಾಂಥೋಸ್, ಕೋರೋನೋಸ್ ಸುತ್ತಿನ ಹಳ್ಳಿಯವರಿಗೆ ಅದನ್ನು ತೆಗೆಯುವ ಹಕ್ಕು ಇತ್ತು, ಸರ್ಕಾರ ಕೊಳ್ಳುತ್ತಿತ್ತು. 1920ರ ದಶಕದಲ್ಲಿ ಗಣಿಯಿಂದ ಪೂರ್ವ ತೀರದ ಮೂಟ್ಸೂನಾ ಬಂದರಿಗೆ ತಂತಿಯ ಮೇಲೆ ತೊಟ್ಟಿಲಲ್ಲಿ ಕಲ್ಲು ಸಾಗಿಸುವ ವ್ಯವಸ್ಥೆ ಕಟ್ಟಿದರು. ಬೆಟ್ಟದ ಮೇಲೆ ಅದರ ಕಂಬಗಳು ಇನ್ನೂ ನಿಂತಿವೆ. ಕಾರ್ಖಾನೆಯಲ್ಲಿ ಮಾಡುವ ಉಜ್ಜುಪುಡಿ ಬಂದ ಮೇಲೆ ಈ ಕಲ್ಲಿಗೆ ಬೇಡಿಕೆ ಕುಸಿಯಿತು. ಯುವಕರು ಅಥೆನ್ಸಿಗೆ ಹೋದರು. ಊರಿನಲ್ಲಿ ಭೂವಿಜ್ಞಾನದ ಚಿಕ್ಕ ಮ್ಯೂಸಿಯಂ ಇದೆ, ಆ ಕಲ್ಲನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಇಷ್ಟು ಚಿಕ್ಕ ಊರಿಗೆ ಪುರಾತತ್ವ, ಜಾನಪದದ ಮ್ಯೂಸಿಯಂಗಳೂ ಇವೆ!

ನಾಜಿಗಳ ವಿರುದ್ಧ ಹೋರಾಡಿದ ಮನೋಲಿಸ್ ಗ್ಲೆಜೋಸ್ ಹುಟ್ಟಿದ್ದೂ ಈ ಊರಲ್ಲೇ, 1922ರಲ್ಲಿ. ಜರ್ಮನರು ಅಥೆನ್ಸ್ ಹಿಡಿದಾಗ ಅಲ್ಲಿನ ಅಕ್ರೊಪೊಲಿಸ್ ಗುಡ್ಡದ ಮೇಲೆ ನಾಜಿ ಬಾವುಟ ಹಾರಿಸಿದ್ದರು. 1941ರ ಮೇ 30ರ ರಾತ್ರಿ ಹದಿನೆಂಟರ ಗ್ಲೆಜೋಸ್ ಮತ್ತು ಗೆಳೆಯ ಅಪೋಸ್ತೋಲೋಸ್ ಸಾಂತಾಸ್ ಕತ್ತಲಲ್ಲಿ ಮೇಲೆ ಹತ್ತಿ ಅದನ್ನು ಕೆಳಗಿಳಿಸಿದರು. ಆಮೇಲೆ ಗ್ಲೆಜೋಸ್ ಬದುಕಿನಲ್ಲಿ ಜೈಲು, ಮರಣದಂಡನೆಯ ತೀರ್ಪು, ಪಾರ್ಲಿಮೆಂಟು ಎಲ್ಲ ಬಂತು. ನಡುವೆ ಈ ಊರಿಗೇ ಬಂದು ಇದರ ಆಡಳಿತವನ್ನೂ ನಡೆಸಿದರು. 2020ರಲ್ಲಿ ತೀರಿಕೊಂಡರು. ಜರ್ಮನಿಯಲ್ಲಿ ಬದುಕು ಕಟ್ಟಿಕೊಂಡಿರುವ ನಮಗೆ ಆ ಓಣಿಯಲ್ಲಿ ನಿಂತು ಈ ವಿಷಯ ಮಾತಾಡುವಾಗ ದನಿ ತಾನಾಗಿ ತಗ್ಗಿತು.

ಸಂಜೆಯ ಬಸ್ಸು ಹೋದ ಮೇಲೆ ಊರು ತನ್ನವರ ಕೈಗೆ ಬಂತು. ಕಣಿವೆಯಿಂದ ತಣ್ಣನೆಯ ಗಾಳಿ. ಸೆಪ್ಟೆಂಬರ್‌ನಲ್ಲೂ ಸ್ವೆಟರ್ ಬೇಕಾಯಿತು. ಚೌಕದಲ್ಲಿ ಮೇಜುಗಳು ಒಂದಕ್ಕೊಂದು ಸೇರಿಕೊಂಡವು. ಕುರ್ಚಿ ಸಾಲದಾದಾಗ ಪಕ್ಕದ ಮನೆಯಿಂದ ತಂದರು. ಅಮ್ಮನನ್ನು ನೋಡಿ ಒಬ್ಬ ಅಜ್ಜ ಎದ್ದು ಜಾಗ ಕೊಟ್ಟರು. ಯಾರೋ ಎಲ್ಲಿಯವರು ಅಂತ ಕೇಳಿದರು, ಇಂಡಿಯಾ ಅಂದೆವು. ಬೇರೆ ಮೇಜಿನಿಂದ ಒಂದು ತಟ್ಟೆ ದ್ರಾಕ್ಷಿ ಬಂತು, ಬಿಲ್ಲಿನಲ್ಲಿ ಅದಿರಲಿಲ್ಲ. ರಾತ್ರಿ ಹನ್ನೊಂದಾದರೂ ಯಾರೂ ಎದ್ದಿರಲಿಲ್ಲ. ನಾನು ಹುಡುಕುತ್ತಿದ್ದ ಸಂಜೆ ಇದೇ. ಹಗಲು ಎರಡು ಗಂಟೆ ಬಂದು ಫೋಟೋ ತೆಗೆದು ಹೋಗುವವರಿಗೆ ಈ ಊರು ಸಿಗುವುದೇ ಇಲ್ಲ ಅಂತ ನನಗೆ ಬಲವಾಗಿ ಅನ್ನಿಸಿತು.

ಗುರುವಾರ: ಅಪೋಲೋನಾಸ್

ಉತ್ತರದ ತುದಿಗೆ ಬಸ್ಸು ತೀರಾ ಕಡಿಮೆ. ಟ್ಯಾಕ್ಸಿ ಮಾಡಿಕೊಂಡೆವು. ಕೋರೋನೋಸ್ ದಾಟಿ ತಿರುವುಗಳಲ್ಲಿ ಇಳಿದರೆ ಸಮುದ್ರದ ಪಕ್ಕದ ಪುಟ್ಟ ಊರು ಅಪೋಲೋನಾಸ್. ಊರ ಮೇಲಿನ ಹಳೆಯ ಕ್ವಾರಿಯಲ್ಲಿ ಸುಮಾರು 10.7 ಮೀಟರ್ ಉದ್ದದ ವಿಗ್ರಹ ಮಲಗಿದೆ. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಬಂಡೆಯಿಂದ ಕೆತ್ತಲು ಹೊರಟು ಅರ್ಧಕ್ಕೇ ಬಿಟ್ಟದ್ದು. ಗಡ್ಡ ಇರುವುದರಿಂದ ದಿಯೋನಿಸೋಸ್ ದೇವರು ಅನ್ನುತ್ತಾರೆ. ನಮ್ಮ ಹಾಸನ ಜಿಲ್ಲೆಯ ಗೊಮ್ಮಟ ನಿಂತು ಪೂಜೆ ಪಡೆಯುತ್ತಿದ್ದಾನೆ, ಈತ ಏಳಲೇ ಇಲ್ಲ. ಅಮ್ಮ ಪಾದದ ಹತ್ತಿರ ನಿಂತು ಕೈಮುಗಿದರು.

ಅಪೋಲೋನಾಸ್‌ನಲ್ಲಿ ಉಳಿಯುವ ವಿಚಾರ ಕಾರು ಇರುವವರಿಗೆ ಮಾತ್ರ. ಬಸ್ಸು ನಂಬಿ ಬಂದರೆ ಉಳಿದ ದ್ವೀಪ ಕೈತಪ್ಪುತ್ತದೆ. ರಾತ್ರಿಗೆ ಹಾಲ್ಕಿಗೆ ವಾಪಸ್ ಬಂದೆವು.

ಶುಕ್ರವಾರ: ಸಂಗ್ರಿ, ಮತ್ತೆ ಹೋರಾ

ಯಜಮಾನಿ ಅಮ್ಮನ ಕೈಗೆ ಮಾದಲದ ಸಿಹಿಯ ಜಾಡಿ ಇಟ್ಟರು. ಅಮ್ಮ ಹಾಸನದಿಂದ ತಂದಿದ್ದ ಕಾಫಿಪುಡಿ ಪೊಟ್ಟಣ ಕೊಟ್ಟರು. ಹೋಗುವ ದಾರಿಯಲ್ಲಿ ಸಂಗ್ರಿ ಹತ್ತಿರದ ಡಿಮೀಟರ್ ದೇವಸ್ಥಾನ ನೋಡಿದೆವು. ಡಿಮೀಟರ್ ಬೆಳೆಯ ದೇವತೆ. ಕ್ರಿಸ್ತಪೂರ್ವ 6ನೇ ಶತಮಾನದ ಗುಡಿ, ಮಾಡಿನ ಹೆಂಚೂ ಅಮೃತಶಿಲೆಯದೇ. ಮುಂದೆ ಚರ್ಚಾಯಿತು, ಬಿದ್ದುಹೋಯಿತು, ಈಚೆಗೆ ಸಿಕ್ಕ ಕಲ್ಲುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದ್ದಾರೆ. ಸುತ್ತ ಇವತ್ತಿಗೂ ಹೊಲವೇ.

ಕೊನೆ ರಾತ್ರಿ ಹೋರಾದಲ್ಲೇ ಇರಬೇಕು ಅನ್ನುವುದರಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳಲಾರೆ. ಗಾಳಿ ಜೋರಾದರೆ ಬಂದರಿನವರು ಹಡಗು ಬಿಡುವುದಿಲ್ಲ. ಸಮಯವೂ ಬದಲಾಗುತ್ತದೆ. ಬೆಟ್ಟದ ಮೇಲೆ ಕೂತು ಬೆಳಗಿನ ಮೊದಲ ಬಸ್ಸು ನಂಬಿಕೊಂಡರೆ ಹಡಗು ತಪ್ಪಬಹುದು. ವಾಪಸ್ ವಿಮಾನ ಇರುವವರು ಅಥೆನ್ಸ್‌ನಲ್ಲೂ ಒಂದು ದಿನ ಕೈಯಲ್ಲಿಟ್ಟುಕೊಳ್ಳಬೇಕು.

ಸಾಮಾನು ಕಟ್ಟಿದ ಮೇಲೆ ಮುಂದಿನ ಸಲ ಎಲ್ಲಿ ಅನ್ನುವ ಮಾತು ಬಂತು. ನನ್ನ ಗಂಡ ಆಗಿಯಾ ಆನ್ನಾ ಬಿಟ್ಟುಕೊಡಲಿಲ್ಲ. ನಾನು ಅಪೀರಾಂಥೋಸ್‌ನಲ್ಲಿ ಮೂರು ರಾತ್ರಿಯಾದರೂ ಬೇಕು ಅಂದೆ. ಅಮ್ಮ ಅಷ್ಟರಲ್ಲಿ ಹಾಸನಕ್ಕೆ, ಚಿಕ್ಕಮ್ಮನಿಗೆ ಫೋನ್ ಹಚ್ಚಿದ್ದರು. "ಫಿಲೋಟಿ ಅಂತ ಒಂದು ಊರೈತೆ ಕಣೇ. ರಸ್ತೆ ಪಕ್ಕನೇ ಮನೆ ಹಿಡೀಬೇಕು. ಬೇಕರಿ ಐತೆ, ಔಷಧಿ ಅಂಗಡಿ ಐತೆ, ಸಾಯಂಕಾಲ ಕೂತ್ಕೊಳ್ಳೋಕೆ ಕಟ್ಟೆ ಐತೆ. ನೀನೂ ಪಾಸ್‌ಪೋರ್ಟ್ ಮಾಡ್ಸು."